ಟ್ರೈನಿಂಗ್ ಕೊಡಿಸಿದ್ರೆ ರಿಜೆಕ್ಷನ್ ಕಮ್ಮಿ ಆಗುತ್ತಾ? ಎರಡು ಲಕ್ಷದ ಪ್ರಶ್ನೆ

ಬೋರ್‌ಗೇಜ್ · ಸೋಮವಾರ ರಾತ್ರಿ 9:40

ನಮ್ಮದು ತುಮಕೂರಿನ ವಸಂತನರಸಾಪುರದಲ್ಲಿ ಒಂದು ಚಿಕ್ಕ ಸಿಎನ್‌ಸಿ ಶಾಪ್, ಅಂದ್ರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯೋ ಮಷಿನ್‌ಗಳ ವರ್ಕ್‌ಶಾಪ್. ಒಂಬತ್ತು ಮಷಿನ್ನು, ಮೂರು ಶಿಫ್ಟು, ಆಫೀಸ್ ಹುಡುಗನೂ ಸೇರಿ ಮೂವತ್ತೆಂಟು ಜನ. ನಾನು ಪ್ರೊಡಕ್ಷನ್ ಸೂಪರ್‌ವೈಸರ್, ಹನ್ನೊಂದು ವರ್ಷ ಆಯ್ತು.

ಹೋದ ವರ್ಷ ದೀಪಾವಳಿಗೆ ಮುಂಚೆ ಓನರ್ ಬೆಂಗಳೂರಿಂದ ಒಬ್ಬ ಟ್ರೈನರ್‌ನ ಕರೆಸಿದ್ರು. ಹೋಟೆಲ್ ಹಾಲಲ್ಲಿ ಎರಡು ದಿನ. ಬಲೂನ್ ಊದಿಸಿದ್ರು, ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಕೊಂಡು ನಡೆಸಿದ್ರು, "ನಾನು ಗೆದ್ದೇ ಗೆಲ್ಲುತ್ತೇನೆ" ಅಂತ ಕೂಗಿಸಿದ್ರು. ಹುಡುಗರಿಗೆ ಖುಷಿಯೋ ಖುಷಿ, ಸುಳ್ಳು ಯಾಕೆ ಹೇಳ್ಲಿ, ನಂಗೂ ಖುಷಿ ಆಯ್ತು. ಸೋಮವಾರ ಬಂದು ನೋಡಿದ್ರೆ ರಿಜೆಕ್ಟ್ ಪೀಸು ಹಾಕೋ ಕೆಂಪು ಡಬ್ಬಿ ಎಂದಿನಂತೆ ತುಂಬಿತ್ತು.

ಈ ವರ್ಷ ಮತ್ತೆ ಶುರುವಾಗಿದೆ. "ಎರಡು ಲಕ್ಷ ತೆಗೆದಿಟ್ಟಿದೀನಿ, ಟ್ರೈನಿಂಗೋ ಕೋಚಿಂಗೋ ಏನಾದ್ರೂ ಮಾಡು, ರಿಜೆಕ್ಷನ್ ಇಳೀಬೇಕು, ಮುಂದಿನ ಸೋಮವಾರ ಪ್ಲಾನ್ ಕೊಡು" ಅಂದಿದಾರೆ. ಒಂದು ಹೌಸಿಂಗ್ ಪೀಸಿದೆ, 32 ಎಂಎಂ ಬೋರು (ಒಳಗಿನ ದುಂಡು ತೂತು), 25 ಮೈಕ್ರಾನ್ ಟಾಲರೆನ್ಸ್, ಅಂದ್ರೆ ಸೈಜಲ್ಲಿ 0.025 ಎಂಎಂ ವ್ಯತ್ಯಾಸಕ್ಕೆ ಮಾತ್ರ ಅವಕಾಶ. ದಿನಕ್ಕೆ ನಲವತ್ತು ಚಿಲ್ಲರೆ ಪೀಸು ಅದರಲ್ಲೇ ಹೋಗ್ತಿದೆ.

ನೇರವಾಗಿ ಕೇಳ್ತೀನಿ. ಟ್ರೈನಿಂಗ್ ಇಂದ ಕೆಲಸ ಸುಧಾರಿಸಿದ್ದನ್ನ ಯಾರಾದ್ರೂ ಕಣ್ಣಾರೆ ಕಂಡಿದೀರಾ? ಪೋಸ್ಟರ್ ಮಾತು ಬೇಡ.

---

ಕೋಲಾರದ_ಕಿಟ್ಟಿ

ಎರಡು ಲಕ್ಷ ಹುಡುಗರಿಗೇ ಹಂಚಿಬಿಡಿ ಅಣ್ಣ. ನಾಳೆ ಬೆಳಿಗ್ಗೆಯಿಂದ್ಲೇ ರಿಜೆಕ್ಷನ್ ನಿಲ್ಲುತ್ತೆ.

---

ಮಧುಗಿರಿ_ಬೆಟ್ಟ

ಕೋಚಿಂಗ್ ಅಂತ ನೋಡಿ ಒಳಗೆ ಬಂದೆ. ತುಮಕೂರಲ್ಲಿ ಪಿಡಿಒ ಪರೀಕ್ಷೆಗೆ ಒಳ್ಳೆ ಕೋಚಿಂಗ್ ಯಾವುದು? ಹಾಸ್ಟೆಲ್ ಇದ್ರೆ ಇನ್ನೂ ಒಳ್ಳೇದು.

---

ಕೋಲಾರದ_ಕಿಟ್ಟಿ

@ಮಧುಗಿರಿ_ಬೆಟ್ಟ ಇಲ್ಲಿ ಬಲೂನ್ ಊದೋ ಕೋಚಿಂಗ್ ಮಾತ್ರ ಇದೆ ಗುರು. ಹಾಸ್ಟೆಲ್ ಇಲ್ಲ.

---

ಐಟಿಐ_ಮೇಷ್ಟ್ರು

ಕಂಡಿದ್ದೀನಿ, ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ. ಆದರೆ ನೀವು ಹೇಳಿದ್ದು ಟ್ರೈನಿಂಗ್ ಅಲ್ಲ, ಪ್ರವಾಸ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಲಕ್ಷಗಟ್ಟಲೆ ಹೊಸಬರು ಬಂದರು. ಹಳೆ ಕೆಲಸಗಾರರು ಸೈನ್ಯಕ್ಕೆ ಹೋಗಿದ್ದರು, ಬಂದವರಲ್ಲಿ ಎಷ್ಟೋ ಹೆಂಗಸರು ಮಷಿನ್ನೇ ನೋಡಿದವರಲ್ಲ. ಆಗ ಮೇಸ್ತ್ರಿಗಳಿಗೆ ಕಲಿಸೋದು ಹೇಗೆ ಅಂತ ಕಲಿಸೋಕೆ ಒಂದು ಪದ್ಧತಿ ಮಾಡಿದರು, ಟಿಡಬ್ಲ್ಯೂಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಅಂತಾರೆ. ನಾಲ್ಕೇ ಹೆಜ್ಜೆ. ಮೊದಲು ಹುಡುಗನ ಭಯ ಬಿಡಿಸಿ ಅವನಿಗೆ ಎಷ್ಟು ಗೊತ್ತು ಅಂತ ತಿಳ್ಕೊ. ಆಮೇಲೆ ಮಾಡಿ ತೋರಿಸು, ಯಾಕೆ ಹಾಗೆ ಅಂತಾನೂ ಹೇಳು. ಆಮೇಲೆ ಅವನ ಕೈಲಿ ಮಾಡಿಸು, ಮಾಡ್ತಾ ಮಾಡ್ತಾ ಅವನ ಬಾಯಲ್ಲೇ ಹೇಳಿಸು. ಕೊನೆಗೆ ಬಿಟ್ಟು ಹೋಗು, ಆದರೆ ಮತ್ತೆ ಮತ್ತೆ ಬಂದು ನೋಡು. ಯುದ್ಧ ಮುಗಿದ ಮೇಲೆ ಇದು ಜಪಾನಿಗೆ ಹೋಯ್ತು, ಟೊಯೋಟಾದವರು ಇವತ್ತಿಗೂ ಇದರ ಮೇಲೇ ನಿಂತಿದ್ದಾರೆ. ಅದರಲ್ಲೊಂದು ಮಾತಿದೆ: ಕಲಿಯೋನು ಕಲಿತಿಲ್ಲ ಅಂದ್ರೆ ಕಲಿಸೋನು ಕಲಿಸಿಲ್ಲ. ನಮ್ಮ ಸ್ಟಾಫ್ ರೂಮಲ್ಲಿ ಇದನ್ನ ಹೇಳಿದ ದಿನ ನನಗೆ ಯಾರೂ ಕಾಫಿ ಕೊಡಲಿಲ್ಲ.

ನಿಮ್ಮ ಶಾಪಲ್ಲಿ ಮೂರನೇ ಹೆಜ್ಜೆ ನಾಲ್ಕನೇ ಹೆಜ್ಜೆ ಯಾರು ಮಾಡ್ತಾರೆ, ಹೇಳಿ.

---

ಬೋರ್‌ಗೇಜ್

@ಐಟಿಐ_ಮೇಷ್ಟ್ರು ಸಾರ್, ನಿಜ ಹೇಳ್ಬೇಕು ಅಂದ್ರೆ ಯಾರೂ ಮಾಡಲ್ಲ. ಹೊಸ ಹುಡುಗ ಬಂದ್ರೆ "ಅವನ ಪಕ್ಕ ನಿಂತ್ಕೊ, ನೋಡಿ ಕಲಿ" ಅಂತೀವಿ. ನಾಲ್ಕನೇ ದಿನ ಪಕ್ಕದೋನು ರಜಾ ಹಾಕಿರ್ತಾನೆ.

---

ಸಿಡ್ಲಘಟ್ಟ_ರೀಲರ್

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಲ್ಲೀವರೆಗೆ? ನಮ್ಮಜ್ಜಿಗೆ ಯಾವ ಟ್ರೈನರ್ ಬಂದಿದ್ದ? ಚರಕದಲ್ಲೇ ನೂಲು ತೆಗೆದು ನಾಲ್ಕು ಮಕ್ಕಳನ್ನ ಸಾಕಿದ್ಳು.

---

ಐಟಿಐ_ಮೇಷ್ಟ್ರು

@ಸಿಡ್ಲಘಟ್ಟ_ರೀಲರ್ ಅಜ್ಜಿಗೆ ಅವರಮ್ಮ ಕಲಿಸಿರ್ತಾರೆ ಸ್ವಾಮಿ. ಅದು ಟ್ರೈನಿಂಗ್ ಅಲ್ವಾ? ಸರ್ಟಿಫಿಕೇಟ್ ಇಲ್ಲ ಅಷ್ಟೆ.

---

ಸಿಡ್ಲಘಟ್ಟ_ರೀಲರ್

ಅದೂ ಸರಿ.

ನಮ್ಮ ಕಥೆ ಹೇಳ್ತೀನಿ ಕೇಳಿ. ಎಂಟತ್ತು ರೇಷ್ಮೆ ಗೂಡಿನ ಎಳೆ ಸೇರಿದ್ರೆ ಒಂದು ನೂಲು. ಒಂದೊಂದು ಗೂಡು ಮುಗಿದ ಹಾಗೆಲ್ಲ ಬೇಸಿನ್ ಮುಂದೆ ಕೂತಿರೋರು ಹೊಸ ಗೂಡಿನ ಎಳೆ ಸೇರಿಸ್ತಾ ಇರ್ಬೇಕು. ಹೊಸ ಹುಡುಗಿಯರು ಏನ್ ಮಾಡ್ತಾರೆ? ಮಾತಾಡ್ತಾ ಎಂಟಿದ್ದಿದ್ದು ಐದಕ್ಕೆ ಇಳಿಯೋವರೆಗೂ ಬಿಟ್ಟು, ಆಮೇಲೆ ಒಂದೇ ಸಲಕ್ಕೆ ಮೂರು ಸೇರಿಸ್ತಾರೆ. ನೂಲು ಒಂದ್ಕಡೆ ಕೂದಲು, ಒಂದ್ಕಡೆ ಹಗ್ಗ. ಮಾರೋಕೆ ಹೋದ್ರೆ ತಗೊಳ್ಳೋನು ಬೆರಳಲ್ಲಿ ಎಳೆದು ನೋಡಿ ರೇಟು ಇಳಿಸ್ತಾನೆ.

ಎಷ್ಟು ಬೈದ್ರೂ ಸರಿ ಹೋಗ್ಲಿಲ್ಲ. ಕೊನೆಗೆ ನಮ್ಮಲ್ಲಿ ಒಬ್ಬಾಕೆ ಇದ್ದಾರೆ, ಮೂವತ್ತು ವರ್ಷದ ಕೈ. ಅವರನ್ನ ಒಂದು ವಾರ ಕೆಲಸ ಬಿಡಿಸಿ ಈ ಹುಡುಗಿಯರ ಹಿಂದೆ ಸ್ಟೂಲ್ ಹಾಕಿ ಕೂರಿಸಿದೆ. ಆಕೆ ಏನೂ ಬೈಯಲ್ಲ, ಎಷ್ಟಿದೆ ಅಂತ ಕೇಳ್ತಾರೆ ಅಷ್ಟೆ. "ಎಷ್ಟೈತಮ್ಮ?" "ಏಳಕ್ಕಾ." ಎರಡು ನಿಮಿಷ ಬಿಟ್ಟು ಮತ್ತೆ, "ಎಷ್ಟೈತಮ್ಮ?" ಮೂರನೇ ದಿನಕ್ಕೆ ಹುಡುಗಿಯರು ತಾವೇ ಎಣಿಸ್ಕೊಳ್ಳೋಕೆ ಶುರು ಮಾಡಿದ್ರು. ಆ ವಾರ ನನಗೆ ಒಬ್ಬರ ನೂಲು ನಷ್ಟ ಅಂತ ಹೊಟ್ಟೆ ಉರಿದಿತ್ತು. ಮುಂದಿನ ತಿಂಗಳು ಉರಿ ಆರಿತು.

---

ಪುಷ್‌ಪುಲ್_ಪಯಣಿಗ

@ಸಿಡ್ಲಘಟ್ಟ_ರೀಲರ್ ಅದು ಪಕ್ಕಾ ಕೋಚಿಂಗ್! ನಮ್ಮ ಐಟಿ ಕಂಪನೀಲಿ ಇದನ್ನ ಹೇಳಿಕೊಡೋಕೆ ಮೂರು ದಿನ ವರ್ಕ್‌ಶಾಪ್ ಮಾಡಿದ್ರು. ಕೋಚ್ ಆದವನು ಉತ್ತರ ಹೇಳಬಾರದು, ಪ್ರಶ್ನೆ ಕೇಳಬೇಕು. ಗುರಿ ಏನು, ಈಗ ಎಲ್ಲಿದ್ದೀಯ, ಏನೇನು ದಾರಿ ಇದೆ, ಯಾವುದು ಮಾಡ್ತೀಯ. ಗ್ರೋ ಮಾಡೆಲ್ ಅಂತಾರೆ, ಜಾನ್ ವಿಟ್‌ಮೋರ್ ಅನ್ನೋರು 1992ರ ಪುಸ್ತಕದಲ್ಲಿ ಬರೆದು ಜನಪ್ರಿಯ ಮಾಡಿದ್ದು. ಅವರು ಮೊದಲು ಕಾರ್ ರೇಸರ್.

ನಾನು ನನ್ನ ಟೀಮಲ್ಲಿ ಮಾಡ್ತೀನಿ, ವಾರಕ್ಕೆ ಅರ್ಧ ಗಂಟೆ ಒಬ್ಬೊಬ್ಬರ ಜೊತೆ. ಕೆಲಸ ಮಾಡುತ್ತೆ. @ಬೋರ್‌ಗೇಜ್ ನೀವೂ ಹುಡುಗರಿಗೆ ಉತ್ತರ ಹೇಳಬೇಡಿ, ಅವರೇ ಕಂಡುಕೊಳ್ಳಲಿ.

---

ಗಡಿಯಾರ_ತಾತ

ಪಯಣಿಗರೇ, 25 ಮೈಕ್ರಾನ್ ಬೋರಿನ ಮುಂದೆ ಹೊಸ ಹುಡುಗನನ್ನ ನಿಲ್ಲಿಸಿ "ನಿನ್ನ ಗುರಿ ಏನಪ್ಪಾ" ಅಂತ ಕೇಳಿದ್ರೆ ಮನೆಗೆ ಹೋಗೋದು ಅಂತಾನೆ.

ಗೊತ್ತಿಲ್ಲದವನಿಗೆ ತೋರಿಸಬೇಕು. ಗೊತ್ತಿರೋನಿಗೆ ಕೇಳಬೇಕು. ಆ ರೇಷ್ಮೆ ಹುಡುಗಿಯರಿಗೆ ಎಳೆ ಸೇರಿಸೋದು ಗೊತ್ತಿತ್ತು, ಲಕ್ಷ್ಯ ಇರಲಿಲ್ಲ. ಅದಕ್ಕೆ ಕೇಳಿದ್ದು ನಾಟಿತು.

ನಾನು ಇದೇ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಮನುಷ್ಯ. 2016ರಲ್ಲಿ ವಾಚ್ ಕಂಪನಿ ಮುಚ್ಚಬೇಕು ಅಂತ ಸರ್ಕಾರ ತೀರ್ಮಾನ ಮಾಡೋಕೆ ಎಷ್ಟೋ ಮೊದಲೇ ಹೊರಗೆ ಬಂದೆ. ಸೇರಿದಾಗ ಹೇರ್‌ಸ್ಪ್ರಿಂಗ್ ಕೆಲಸ. ತಲೆಕೂದಲಿಗಿಂತ ಸಣ್ಣ ಸುರುಳಿ, ಚಿಮುಟ ಸ್ವಲ್ಪ ಒತ್ತಿದ್ರೆ ಸೊಟ್ಟ. ನನಗೆ ಕಲಿಸಿದವರು ನನಗಿಂತ ನಾಲ್ಕು ವರ್ಷ ದೊಡ್ಡ ಒಬ್ಬ ಮೇಡಂ. ಮೊದಲ ಹತ್ತು ದಿನ ವಾಚ್ ಮುಟ್ಟಿಸಲಿಲ್ಲ. ಸ್ಕ್ರಾಪ್ ಸ್ಪ್ರಿಂಗುಗಳನ್ನ ಒಂದು ಟ್ರೇಯಿಂದ ಇನ್ನೊಂದು ಟ್ರೇಗೆ ಎತ್ತಿಡೋದು ಅಷ್ಟೆ. ನನ್ನ ಮಣಿಕಟ್ಟಿನ ಕೆಳಗೆ ಅವರ ಬೆರಳು ಇಟ್ಟಿರ್ತಿದ್ರು. "ಉಸಿರು ಬಿಟ್ಟಾದ ಮೇಲೆ ಎತ್ತು" ಅಂದ್ರು ಒಂದು ದಿನ. ಅಷ್ಟು ದಿನ ಕೈ ನಡುಗ್ತಿದ್ದಿದ್ದು ಕೈಯಿಂದ ಅಲ್ಲ, ಉಸಿರು ಹಿಡಿದಿದ್ದರಿಂದ. ಅದು ನನಗೆ ಯಾವ ಜನ್ಮಕ್ಕೂ ಹೊಳೀತಿರಲಿಲ್ಲ. ಪ್ರಶ್ನೆ ಕೇಳ್ತಾ ಕೂತಿದ್ರೆ ಇವತ್ತಿಗೂ ನಡುಗ್ತಾ ಇರ್ತಿದ್ದೆ.

ಬೋರ್‌ಗೇಜ್ ಅವರೇ, ನಿಮಗೊಂದು ಪ್ರಶ್ನೆ. ಆ ನಲವತ್ತು ಪೀಸು ಯಾವ ಶಿಫ್ಟು? ಯಾವ ಮಷಿನ್ನು? ಯಾವ ಹೊತ್ತು? ಚಿಕ್ಕದಾಗಿ ಹೋಗಿದ್ದೋ ದೊಡ್ಡದಾಗಿ ಹೋಗಿದ್ದೋ? ಇದು ಗೊತ್ತಿಲ್ಲದೆ ಟ್ರೈನಿಂಗ್ ಅಂದ್ರೆ, ಜ್ವರ ಎಷ್ಟಿದೆ ಅಂತ ನೋಡದೆ ಮಾತ್ರೆ ಕೊಟ್ಟ ಹಾಗೆ.

---

ಬೋರ್‌ಗೇಜ್

@ಗಡಿಯಾರ_ತಾತ ಸಾರ್, ರಿಜಿಸ್ಟರಲ್ಲಿ "ಬೋರ್ ಸೈಜ್ ಎನ್‌ಜಿ – 43" ಅಂತ ಮಾತ್ರ ಇದೆ (ಎನ್‌ಜಿ ಅಂದ್ರೆ ನಾಟ್ ಗುಡ್). ಮೂರು ದಿನ ಟೈಮ್ ಕೊಡಿ. ನಾನೇ ಡಬ್ಬಿ ಪಕ್ಕ ಕೂರ್ತೀನಿ.

---

ಎಚ್‌ಆರ್_ಮಾಲೂರು

ಬೇರೆಯವರು ಬೈಯೋ ಮುಂಚೆ ನಾನೇ ಒಪ್ಕೊಳ್ತೀನಿ, ನಾನೂ ಬಲೂನ್ ಟ್ರೈನರ್‌ಗಳನ್ನ ಕರೆಸಿದ್ದೀನಿ. ಮಾರ್ಚ್ ಒಳಗೆ ಬಜೆಟ್ ಖರ್ಚಾಗಬೇಕಲ್ಲ.

ಕಿರ್ಕ್‌ಪ್ಯಾಟ್ರಿಕ್ ಅನ್ನೋರು 1959ರಲ್ಲೇ ಟ್ರೈನಿಂಗ್ ಅಳೆಯೋಕೆ ನಾಲ್ಕು ಮಟ್ಟ ಹೇಳಿದ್ರು. ಬಂದವರಿಗೆ ಇಷ್ಟ ಆಯ್ತಾ, ಏನಾದ್ರೂ ಕಲಿತರಾ, ವಾಪಸ್ ಬಂದು ಕೆಲಸದಲ್ಲಿ ಅದನ್ನ ಮಾಡ್ತಿದ್ದಾರಾ, ಅದರಿಂದ ಕಂಪನಿಗೆ ಏನು ಫಲ. ನಾವು ಅಳೆಯೋದು ಮೊದಲನೇದು ಮಾತ್ರ. ಕೊನೇ ದಿನ ಊಟ ಆದ್ಮೇಲೆ ಫಾರ್ಮ್ ಕೊಡ್ತೀವಿ, ಎಲ್ಲರೂ ಐದಕ್ಕೆ ಐದು ಹಾಕ್ತಾರೆ. ಅದು ಟ್ರೈನಿಂಗ್‌ಗಲ್ಲ, ಊಟಕ್ಕೆ ಕೊಟ್ಟ ಮಾರ್ಕು.

---

ಕೋಲಾರದ_ಕಿಟ್ಟಿ

ಮೇಡಂ, ನಮ್ಮ ಟ್ರೈನಿಂಗಲ್ಲಿ ಮಧ್ಯಾಹ್ನ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸಿದ್ರು. ನಾನೂ ಐದಕ್ಕೆ ಐದು ಹಾಕಿದ್ದೆ. ವಿಷಯ ಏನಿತ್ತು ಅಂತ ಈಗ ನೆನಪಿಲ್ಲ, ಬೆಣ್ಣೆ ಮಾತ್ರ ನೆನಪಿದೆ.

---

ಮಧುಗಿರಿ_ಬೆಟ್ಟ

ಮಧ್ಯಾಹ್ನ ತಟ್ಟೆ ಇಡ್ಲಿ ಯಾರು ತಿಂತಾರೆ? ಬೆಳಿಗ್ಗೆ ಏಳು ಗಂಟೆಗೆ ಹೋಗಿ ಬಿಸಿ ಬಿಸಿ ತಿನ್ನಬೇಕು.

---

ಪುಷ್‌ಪುಲ್_ಪಯಣಿಗ

ಏಳು ಗಂಟೆಗೆ ನಾನು ಟ್ರೈನಲ್ಲಿ ಸೀಟಿಗೆ ಜಗಳ ಆಡ್ತಿರ್ತೀನಿ ಸಾರ್.

---

ನಿರ್ವಾಹಕ

ಇಡ್ಲಿಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಅದೂ ಜಗಳದಲ್ಲೇ ಇದೆ.

---

ವಾರ್ಡ್_ಸಿಸ್ಟರ್

ಚಿಂತಾಮಣಿ ಕಡೆಯಿಂದ. ನಾನು ನರ್ಸ್, ಎಲ್ಲಿ ಅಂತ ಹೇಳಲ್ಲ.

ನಮಗೆ ಎದೆ ಒತ್ತೋ ಟ್ರೈನಿಂಗ್ ಕೊಡ್ತಾರೆ, ಸಿಪಿಆರ್. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳ. ಬೊಂಬೆ ಮೇಲೆ ಅವತ್ತು ಎಲ್ಲರೂ ಪಾಸ್. ಏಳೆಂಟು ತಿಂಗಳಾದ್ಮೇಲೆ ಒಂದು ರಾತ್ರಿ ನಿಜವಾದ ಕೇಸು ಬಂತು. ನನ್ನ ಕೈ ಎಲ್ಲಿಡಬೇಕು ಅಂತ ಒಂದು ಕ್ಷಣ ತೋಚಲಿಲ್ಲ. ಪಕ್ಕದಲ್ಲಿದ್ದ ಸೀನಿಯರ್ ತಳ್ಳಿ ತಾವು ಶುರು ಮಾಡಿದ್ರು. ಮನೆಗೆ ಹೋಗಿ ತುಂಬಾ ಅತ್ತೆ.

ಇದು ನನ್ನೊಬ್ಬಳ ಕಥೆ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಮೂರರಿಂದ ಆರು ತಿಂಗಳಲ್ಲಿ ಈ ಕೌಶಲ ಮಂಕಾಗುತ್ತೆ ಅಂತ ಎಷ್ಟೋ ಅಧ್ಯಯನಗಳೇ ಹೇಳಿವೆ. ಈಗ ನಾವೇ ಮಾತಾಡ್ಕೊಂಡು ತಿಂಗಳಿಗೊಮ್ಮೆ ಡ್ಯೂಟಿ ಬದಲಾಗೋ ಹೊತ್ತಲ್ಲಿ ಎರಡೆರಡು ನಿಮಿಷ ಬೊಂಬೆ ಮೇಲೆ ಒತ್ತುತ್ತೀವಿ. ಒಬ್ಬರು ಎಣಿಸ್ತಾರೆ. ವರ್ಷಕ್ಕೊಂದು ದೊಡ್ಡ ಟ್ರೈನಿಂಗಿಗಿಂತ ಈ ಎರಡು ನಿಮಿಷವೇ ಧೈರ್ಯ ಕೊಟ್ಟಿದೆ.

---

ಐಟಿಐ_ಮೇಷ್ಟ್ರು

@ವಾರ್ಡ್_ಸಿಸ್ಟರ್ ಅಮ್ಮಾ, ಅಳೋ ವಿಷಯ ಅಲ್ಲ ಅದು. ಎಬಿಂಗ್‌ಹೌಸ್ ಅಂತ ಜರ್ಮನಿಯವರು, ಅರ್ಥವಿಲ್ಲದ ಅಕ್ಷರಗಳನ್ನ ತಾನೇ ಬಾಯಿಪಾಠ ಮಾಡಿ ಎಷ್ಟು ಬೇಗ ಮರೀತೀನಿ ಅಂತ ಅಳೆದು 1885ರಲ್ಲೇ ಬರೆದರು. ಮೊದಲ ದಿನವೇ ಅರ್ಧಕ್ಕಿಂತ ಹೆಚ್ಚು ಜಾರಿಹೋಗಿರುತ್ತೆ. ಬಿಟ್ಟು ಬಿಟ್ಟು ಮತ್ತೆ ಮಾಡಿದ್ರೆ ಮಾತ್ರ ನಿಲ್ಲೋದು. ನಮ್ಮ ರೀಲರ್ ಸಾಹೇಬರ ಬುತ್ತಿ ಗಾದೆಯೂ ಅದೇ. ಬುತ್ತಿ ಒಂದೇ ಸಲ ಕಟ್ಟಿದ್ರೆ ಹಳಸುತ್ತೆ.

---

ಲೆಕ್ಕದ_ಲಿಂಗ

ಎಲ್ಲರೂ ಕಥೆ ಹೇಳ್ತಿದ್ದೀರಿ, ನಾನು ಅಂಕಿ ಹೇಳ್ತೀನಿ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆದಿದೆ, ಅಧ್ವರ್ಯು, ಕಾಲಾ, ನಿಷಾಧಂ ಅನ್ನೋ ಮೂವರು ಅರ್ಥಶಾಸ್ತ್ರಜ್ಞರದ್ದು. ಮಹಿಳಾ ಕೆಲಸಗಾರರಲ್ಲಿ ಲಾಟರಿ ಎತ್ತಿ ಕೆಲವರಿಗೆ ಟ್ರೈನಿಂಗ್ ಕೊಟ್ರು. ಹೊಲಿಗೆ ಅಲ್ಲ, ಮಾತುಕತೆ, ಸಮಯ ಹೊಂದಿಸೋದು, ಸಮಸ್ಯೆ ಬಂದಾಗ ಹೇಗೆ ಹೇಳೋದು ಇಂಥವು. ಮುಗಿದ ಮೇಲೆ ಟ್ರೈನಿಂಗ್ ಆದವರ ಉತ್ಪಾದಕತೆ ಉಳಿದವರಿಗಿಂತ 13.5 ಪರ್ಸೆಂಟ್ ಜಾಸ್ತಿ. ಎಂಟು ತಿಂಗಳಲ್ಲಿ ಕಂಪನಿ ಹಾಕಿದ ದುಡ್ಡಿಗೆ ನಿವ್ವಳ 256 ಪರ್ಸೆಂಟ್ ಲಾಭ.

ಹಾಗಾಗಿ ಬೋರ್‌ಗೇಜ್, "ಕಂಡಿದೀರಾ" ಅನ್ನೋದಕ್ಕೆ ಉತ್ತರ: ಹೌದು, ಅಳೆದೂ ನೋಡಿದ್ದಾರೆ.

---

ಹೊಲಿಗೆ_ಲೈನ್_3

@ಲೆಕ್ಕದ_ಲಿಂಗ ಸಂಬಳ ಎಷ್ಟು ಜಾಸ್ತಿ ಆಯ್ತು ಅಂತ ಬರೆದಿಲ್ವಲ್ಲ ಅಣ್ಣ?

---

ಲೆಕ್ಕದ_ಲಿಂಗ

...ಅರ್ಧ ಪರ್ಸೆಂಟ್. 0.5.

---

ಹೊಲಿಗೆ_ಲೈನ್_3

ಅದೇ ಅಂದ್ಕೊಂಡೆ.

ನಾನು ಗೌರಿಬಿದನೂರು ಕಡೆಯವಳು, ಗಾರ್ಮೆಂಟಲ್ಲಿ ಒಂಬತ್ತು ವರ್ಷ. ಕಾಲರ್ ಕೂರಿಸೋ ಕೆಲಸ. ನಮಗೂ ಒಂದ್ಸಲ ಇಂಥದ್ದೇ ಕ್ಲಾಸ್ ಮಾಡಿದ್ರು. ಅನುಕೂಲ ಆಗಿಲ್ಲ ಅನ್ನಲ್ಲ. ಮುಂಚೆ ಬಂಡಲ್ಲಲ್ಲಿ ಕಟಿಂಗ್ ತಪ್ಪಿದ್ರೂ ಸುಮ್ಮನೆ ಹೊಲೀತಿದ್ದೆ, ಕೇಳಿದ್ರೆ ಎಲ್ಲಿ ಬೈತಾರೋ ಅಂತ. ಕ್ಲಾಸ್ ಆದ್ಮೇಲೆ ಎದ್ದು ಹೋಗಿ ಸೂಪರ್‌ವೈಸರ್‌ಗೆ ತೋರಿಸೋ ಧೈರ್ಯ ಬಂತು. ಆಲ್ಟರೇಷನ್ ಕಮ್ಮಿ ಆಯ್ತು. ಮನೇಲೂ ಮಾತಾಡೋಕೆ ಬಂತು, ಅದು ಬೇರೆ ಕಥೆ.

ಆದ್ರೆ ಏನಾಯ್ತು? ಕಮ್ಮಿ ತಪ್ಪು, ಜಾಸ್ತಿ ಪೀಸು, ಮುಂದಿನ ತಿಂಗಳು ಟಾರ್ಗೆಟ್ ಏರಿಸಿದ್ರು. ಕಲಿತಿದ್ದಕ್ಕೆ ಸಿಕ್ಕಿದ ಬಹುಮಾನ ಅದು. ಬೋರ್‌ಗೇಜ್ ಅಣ್ಣ, ನಿಮ್ಮ ಹುಡುಗರೂ ಇದನ್ನೆಲ್ಲ ಲೆಕ್ಕ ಹಾಕ್ತಿರ್ತಾರೆ, ಬಾಯಿ ಬಿಟ್ಟು ಹೇಳಲ್ಲ ಅಷ್ಟೆ.

---

ಕೋಲಾರದ_ಕಿಟ್ಟಿ

ನನ್ನ ಮೊದಲನೇ ಕಾಮೆಂಟ್ ಮತ್ತೆ ಓದಿ. ಥ್ಯಾಂಕ್ಸ್.

---

ಸಿಡ್ಲಘಟ್ಟ_ರೀಲರ್

ಕಲಿಸಿದ್ರೆ ಸಂಬಳ ಜಾಸ್ತಿ ಕೇಳ್ತಾರೆ, ಕೊಡದಿದ್ರೆ ಪಕ್ಕದ ನೂಲು ತೆಗೆಯೋ ಫಿಲೇಚರ್‌ಗೆ ಹೋಗ್ತಾರೆ. ಮಾಲೀಕನ ಕಷ್ಟ ಯಾರಿಗೆ ಹೇಳೋದು? ನಮ್ಮದು ದೊಡ್ಡ ಕಂಪನಿ ಅಲ್ಲಮ್ಮ, ಗೂಡಿನ ರೇಟು ಇವತ್ತೊಂದು ನಾಳೆಯೊಂದು.

---

ಲೆಕ್ಕದ_ಲಿಂಗ

@ಸಿಡ್ಲಘಟ್ಟ_ರೀಲರ್ ಅದೇ ಪ್ರಯೋಗದಲ್ಲಿ ಇನ್ನೊಂದು ಅಂಶ: ಟ್ರೈನಿಂಗ್ ಆದವರು ಉಳಿದವರಿಗಿಂತ ಜಾಸ್ತಿಯಾಗಿ ಕೆಲಸ ಬಿಟ್ಟು ಹೋಗಲಿಲ್ಲ. "ಕಲಿಸಿದ್ರೆ ಓಡಿಹೋಗ್ತಾರೆ" ಅನ್ನೋದು ಮಾಲೀಕರ ಭಯ, ಅಲ್ಲಿ ಹಾಗಾಗಲಿಲ್ಲ.

---

ಹೊಲಿಗೆ_ಲೈನ್_3

ಓಡಿಹೋಗೋಕೆ ಎಲ್ಲಿಗೆ ಅಣ್ಣ? ಪಕ್ಕದ ಫ್ಯಾಕ್ಟರೀಲೂ ಅದೇ ಸಂಬಳ. ಮನೆ ಮುಂದೆ ಬರೋ ಬಸ್ಸು ಇದೊಂದೇ. ಹೋಗಲಿಲ್ಲ ಅಂದ್ರೆ ಖುಷಿಯಾಗಿದ್ರು ಅಂತ ಅಲ್ಲ.

---

ಲೆಕ್ಕದ_ಲಿಂಗ

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆ ಸಂಶೋಧಕರು ಹೆಚ್ಚು ಕಮ್ಮಿ ಇದನ್ನೇ ದೊಡ್ಡ ಮಾತಲ್ಲಿ ಬರೆದಿದ್ದಾರೆ.

---

ಬೋರ್‌ಗೇಜ್ · ಶುಕ್ರವಾರ ರಾತ್ರಿ 11:15

ಬಂದೆ. ಮೂರು ರಾತ್ರಿ ನಿದ್ದೆ ಇಲ್ಲ, ಹೆಂಡತಿ ಮಾತು ಬಿಟ್ಟಿದ್ದಾಳೆ.

ಮೂರು ದಿನದಲ್ಲಿ 127 ಪೀಸು ರಿಜೆಕ್ಟ್. ಒಂದೊಂದನ್ನೂ ಅಳೆದು ಸೀಮೆಸುಣ್ಣದಲ್ಲಿ ಸೈಜು ಬರೆದೆ. 38 ಪೀಸು ಒಂದೇ ಹಳೇ ಮಷಿನ್ನಿಂದು. ಅದರ ಚಕ್ ಜಾ (ಪೀಸನ್ನ ಕಚ್ಚಿ ಹಿಡಿಯೋ ಹಲ್ಲು) ಸವೆದಿದೆ, ದೇವರೇ ಬಂದು ಟ್ರೈನಿಂಗ್ ಕೊಟ್ರೂ ಬೋರು ದುಂಡಗೆ ಬರಲ್ಲ. ಇನ್ನು 15 ಚಿಲ್ಲರೆ ಕಾರಣ. ಉಳಿದ 74 ಎಲ್ಲಾ ರಾತ್ರಿ ಶಿಫ್ಟು, ಎಲ್ಲಾ ಬೋರು ದೊಡ್ಡದು, ಎಲ್ಲಾ ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸೋ ಅಲಗು) ಬದಲಾಯಿಸಿದ ಮೇಲಿನ ಮೊದಲ ಮೂರು ನಾಲ್ಕು ಪೀಸು.

ಆಮೇಲೆ ಒಬ್ಬ ಹುಡುಗನ ಹಿಂದೆ ಸುಮ್ಮನೆ ನಿಂತೆ. ಹೊಸ ಇನ್ಸರ್ಟ್ ಹಾಕಿದ, ಮೊದಲ ಪೀಸು 32.04 ಬಂತು. ಟೂಲ್ ಎಷ್ಟು ಸರಿಯಬೇಕು ಅಂತ ಅಂಕಿ ಹಾಕೋ ಆಫ್‌ಸೆಟ್ ಪೇಜ್ ತೆಗೆದ, ಪ್ಲಸ್ 0.02 ಹೊಡೆದ. ಎರಡನೇ ಪೀಸು 32.06. ಮುಖ ಬೆವರಿತು. ಆಫ್‌ಸೆಟ್ ತಗೊಂಡಿಲ್ಲವೇನೋ ಅಂತ ಮತ್ತೆ ಪ್ಲಸ್ ಹೊಡೆದ. 32.08. ಮೂರೂ ಪೀಸನ್ನ ಮೆತ್ತಗೆ ಡಬ್ಬಿಯ ತಳಕ್ಕೆ ಹಾಕಿ ಮೇಲೆ ಬೇರೆ ಪೀಸು ಮುಚ್ಚಿದ.

"ಯಾಕೋ ಪ್ಲಸ್ ಹಾಕ್ದೆ?" ಅಂದೆ. "ಜಾಸ್ತಿ ಕಟ್ ಆಗಿದೆ ಅಣ್ಣ, ಟೂಲ್ ಹಿಂದಕ್ಕೆ ತಗೋಬೇಕಲ್ಲ, ಹಿಂದಕ್ಕೆ ಅಂದ್ರೆ ಪ್ಲಸ್ಸು" ಅಂದ. ಅವನು ಕಲಿತಿದ್ದು ಪೀಸಿನ ಹೊರಮೈ ಟರ್ನಿಂಗಲ್ಲಿ. ಅಲ್ಲಿ ಅದು ಸರಿ, ಪ್ಲಸ್ ಅಂದ್ರೆ ಟೂಲು ಪೀಸಿಂದ ದೂರ. ಬೋರಲ್ಲಿ ಟೂಲು ಒಳಗಿರುತ್ತೆ, ಪ್ಲಸ್ ಅಂದ್ರೆ ಗೋಡೆಗೆ ಇನ್ನೂ ನುಗ್ಗುತ್ತೆ. ಯಾರೂ ಅವನಿಗೆ ಹೇಳೇ ಇಲ್ಲ. ಹಗಲಲ್ಲಿ ಮಷಿನ್ ಸೆಟ್ ಮಾಡೋ ಸೆಟ್ಟರ್ ಇರ್ತಾನೆ, ಆಫ್‌ಸೆಟ್ ಅವನೇ ಹೊಡೀತಾನೆ. ರಾತ್ರಿ ಸೆಟ್ಟರ್ ಇಲ್ಲ.

ಎರಡು ವರ್ಷದಿಂದ ಆ ಹುಡುಗರಿಗೆ "ನಿಮಗೆ ಜವಾಬ್ದಾರಿ ಇಲ್ಲ" ಅಂತ ಬೈತಿದ್ದೋನು ನಾನೇ.

---

ಗಡಿಯಾರ_ತಾತ

ಭೇಷ್. ಈಗ ಕಲಿಸೋದು ಅಂದ್ರೆ ಇಷ್ಟೆ. ಒಳಗೋ ಹೊರಗೋ, ಹಿಂದಕ್ಕೋ ಮುಂದಕ್ಕೋ ಅಂತ ಅವನ ತಲೆ ತಿನ್ನಬೇಡಿ. ಡಯಾ (ವ್ಯಾಸ) ಹೆಚ್ಚಬೇಕಾ, ಪ್ಲಸ್. ಡಯಾ ಇಳೀಬೇಕಾ, ಮೈನಸ್. ಬೋರಾಗಲಿ ಶಾಫ್ಟಾಗಲಿ ಎರಡಕ್ಕೂ ಅದೇ. ಸ್ಕ್ರಾಪ್ ಪೀಸಿನ ಮೇಲೆ ಹತ್ತು ಸಲ ಮಾಡಿಸಿ. ಹೊಡೆಯೋ ಮುಂಚೆ ಬಾಯಲ್ಲಿ ಹೇಳಿಸಿ.

ಇನ್ನೊಂದು ಕೆಲಸ. ಹೊಸ ಇನ್ಸರ್ಟ್ ಹಾಕಿದ ಮೇಲೆ ಮೊದಲ ಪೀಸಿಗೆ ಮುಂಚೆಯೇ ಆಫ್‌ಸೆಟ್ಟಲ್ಲಿ 0.05 ಮೈನಸ್ ಕೊಟ್ಟು ಬೋರು ಚಿಕ್ಕದಾಗಿ ತೆಗೆಸಿ. ಅಳೆದು ಮತ್ತೆ ಕಟಿಂಗ್ ಕೊಡಬಹುದು. ಚಿಕ್ಕದು ದೊಡ್ಡದಾಗುತ್ತೆ, ದೊಡ್ಡದು ಚಿಕ್ಕದಾಗಲ್ಲ.

---

ಎಚ್‌ಆರ್_ಮಾಲೂರು

ಆ ಡಬ್ಬಿ ತಳಕ್ಕೆ ಮುಚ್ಚಿಡೋದಿದೆಯಲ್ಲ, ನನಗೆ ಅದೇ ಕಾಡ್ತಿದೆ. ಹೊಲಿಗೆ ಅಕ್ಕ ಹೇಳಿದ್ದೂ ಅದನ್ನೇ. ಬೈತಾರೆ ಅಂತ ಗೊತ್ತಿದ್ರೆ ಯಾರೂ ತಪ್ಪು ತೋರಿಸಲ್ಲ, ತೋರಿಸದೆ ಇದ್ರೆ ಏನನ್ನೂ ಕಲಿಸೋಕೆ ಆಗಲ್ಲ.

ಕ್ಲೂಗರ್ ಮತ್ತು ಡಿನೀಸಿ ಅಂತ ಇಬ್ಬರು 1996ರಲ್ಲಿ ಫೀಡ್‌ಬ್ಯಾಕ್ ಬಗ್ಗೆ ಅಲ್ಲೀವರೆಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ರು, ಆರುನೂರಕ್ಕೂ ಹೆಚ್ಚು ಫಲಿತಾಂಶ. ಸರಾಸರಿಯಲ್ಲಿ ಫೀಡ್‌ಬ್ಯಾಕ್ ಒಳ್ಳೇದೇ. ಆದ್ರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡೆ ಅದರಿಂದ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸದ ಮೇಲಿಂದ ಮನುಷ್ಯನ ಮೇಲೆ ಜಾರಿದಾಗ ಹೀಗಾಗುತ್ತೆ ಅನ್ನೋದು ಅವರ ವಾದ. "ಚಿಹ್ನೆ ತಪ್ಪು" ಅನ್ನೋದಕ್ಕೂ "ನಿನ್ನ ತಲೇಲಿ ಏನಿದೆ" ಅನ್ನೋದಕ್ಕೂ ಅಷ್ಟು ವ್ಯತ್ಯಾಸ.

---

ಐಟಿಐ_ಮೇಷ್ಟ್ರು

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡ್ತೀನಿ. ನಾವು ಲೇತ್ ಕಲಿಸ್ತೀವಿ, ಆಫ್‌ಸೆಟ್ ಚಿಹ್ನೆ ಬೋರ್ಡ್ ಮೇಲೆ ಒಂದೇ ಪೀರಿಯಡ್. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಸರ್ಕಾರ ಹೊಸ ಮಷಿನ್ ತಂದಮೇಲೆ ಪರಿಸ್ಥಿತಿ ಪರವಾಗಿಲ್ಲ, ಆದರೂ ಮಷಿನ್ ಮುಂದೆ ಒಬ್ಬೊಬ್ಬ ಹುಡುಗನಿಗೆ ಸಿಗೋ ಹೊತ್ತು ಕಮ್ಮಿ.

ಇನ್ನೊಂದು. ನಿಮ್ಮಲ್ಲಿ 38 ಜನ ಅಂದ್ರಿ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 2.5ರಿಂದ 15 ಪರ್ಸೆಂಟ್ ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು. ಸ್ಟೈಪೆಂಡಲ್ಲಿ 25 ಪರ್ಸೆಂಟನ್ನ ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ ಕೇಂದ್ರ ಸರ್ಕಾರ ಕೊಡುತ್ತೆ. ಇಬ್ಬರನ್ನ ತಗೊಳ್ಳಿ, ಆದರೆ ಚಹಾ ತರಿಸೋಕೆ ಅಲ್ಲ. ಸೆಟ್ಟರ್‌ನ ಜಿಟಿಟಿಸಿಗೆ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕಳಿಸಿ ಒಂದು ಶಾರ್ಟ್ ಟರ್ಮ್ ಕೋರ್ಸ್ ಮಾಡಿಸಿ. ಉಳಿದ ದುಡ್ಡಲ್ಲಿ ಆ ಚಕ್ ಜಾ ಬದಲಾಯಿಸಿ, ದಯವಿಟ್ಟು.

---

ಪುಷ್‌ಪುಲ್_ಪಯಣಿಗ

ತಾತ ಹೇಳಿದ್ದು ಒಪ್ಪಿದೆ. ನನ್ನ ಟೀಮಲ್ಲೂ ಹೊಸದಾಗಿ ಬಂದ ಹುಡುಗಿಗೆ ಆರು ವಾರ ಬರೀ ಪ್ರಶ್ನೆ ಕೇಳಿದ್ದೆ. ಹೋದ ವಾರ ಅವಳು "ಸಾರ್, ಉತ್ತರ ಗೊತ್ತಿದ್ರೆ ಹೇಳಿಬಿಡಿ ಪ್ಲೀಸ್" ಅಂದ್ಲು. ಇವತ್ತು ಪಕ್ಕ ಕೂತು ಹೇಳಿಕೊಟ್ಟೆ. ನಲವತ್ತು ನಿಮಿಷದಲ್ಲಿ ಮುಗೀತು.

---

ಬೋರ್‌ಗೇಜ್ · ನಾಲ್ಕು ವಾರದ ನಂತರ, ಭಾನುವಾರ

ಮತ್ತೆ ಬಂದೆ, ಸುಮ್ಮನೆ ಬಿಟ್ಟು ಹೋಗೋದು ಸರಿಯಲ್ಲ ಅಂತ.

ಹೋಟೆಲ್ ಹಾಲ್ ಬೇಡ ಅಂದೆ. ಚಕ್ ಜಾ ಬದಲಾಯಿಸಿದ್ವಿ. ರಾತ್ರಿ ಶಿಫ್ಟಿನ ಐದೂ ಹುಡುಗರಿಗೆ ದಿನಾ ಇಪ್ಪತ್ತು ನಿಮಿಷದ ಹಾಗೆ ಒಂದು ವಾರ, ಸ್ಕ್ರಾಪ್ ಪೀಸಿನ ಮೇಲೆ ಆಫ್‌ಸೆಟ್ ಹೊಡೆಸಿದೆ. ಹೊಡೆಯೋ ಮುಂಚೆ ಬಾಯಲ್ಲಿ ಹೇಳಿಸಿದೆ, ಮೊದಲು ನಗ್ತಿದ್ರು. ಆಮೇಲೆ ವಾರಕ್ಕೆರಡು ರಾತ್ರಿ ಹೋಗಿ ನಿಂತ್ಕೊಳ್ತೀನಿ, ಬೈಯಲ್ಲ. ಕಷ್ಟ, ಆದ್ರೂ ಬೈಯಲ್ಲ. ರಿಜೆಕ್ಟ್ ಆದ ಪೀಸನ್ನ ಬೆಂಚ್ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇಡಬೇಕು, ಯಾರದು ಅಂತ ಬರೆಯೋ ಹಾಗಿಲ್ಲ, ಎಷ್ಟು ಸೈಜು ಅಂತ ಮಾತ್ರ.

ದಿನಕ್ಕೆ 42ರ ಹತ್ತಿರ ಇದ್ದಿದ್ದು ಹೋದ ವಾರ ಸರಾಸರಿ 13.

---

ಲೆಕ್ಕದ_ಲಿಂಗ

ಜಾ ಬದಲಾಯಿಸಿದ್ದರಿಂದ ಎಷ್ಟು, ಕಲಿಸಿದ್ದರಿಂದ ಎಷ್ಟು? ಎರಡನ್ನೂ ಒಟ್ಟಿಗೆ ಮಾಡಿದ್ರೆ ಹೇಗೆ ಗೊತ್ತಾಗುತ್ತೆ?

---

ಬೋರ್‌ಗೇಜ್

@ಲೆಕ್ಕದ_ಲಿಂಗ ಮಷಿನ್ ಪ್ರಕಾರ ಬೇರೆ ಬೇರೆ ಬರೆದಿದೀನಿ ಗುರು, ನಿಮಗೆ ಹೆದರಿಯೇ. ಹಳೇ ಮಷಿನ್ನಲ್ಲಿ ದಿನಕ್ಕೆ 12–13 ಇದ್ದಿದ್ದು 3. ಇನ್ಸರ್ಟ್ ಬದಲಾಯಿಸಿದ ಮೇಲಿನವು 24–25 ಇದ್ದಿದ್ದು 5. ಚಿಲ್ಲರೆ ಕಾರಣದ್ದು ಹಾಗೇ ಇದೆ, 5.

---

ಹೊಲಿಗೆ_ಲೈನ್_3

ಹುಡುಗರಿಗೇನು ಸಿಕ್ತು ಅಣ್ಣ?

---

ಬೋರ್‌ಗೇಜ್

@ಹೊಲಿಗೆ_ಲೈನ್_3 ನೀವು ಕೇಳ್ತೀರಿ ಅಂತ ಗೊತ್ತಿತ್ತು ಅಕ್ಕ. ನಿಮ್ಮ 13.5 ಮತ್ತು ಅರ್ಧ ಪರ್ಸೆಂಟ್ ಮಾತನ್ನ ಓನರ್ ಮುಂದೆ ಓದಿದೆ. ಮುಖ ಗಂಟು ಹಾಕಿದ್ರು. ಮೂರು ದಿನ ಆದ್ಮೇಲೆ ರಾತ್ರಿ ಶಿಫ್ಟಲ್ಲಿ ಸೆಟ್ಟಿಂಗ್ ತಾವೇ ಮಾಡೋರಿಗೆ ತಿಂಗಳಿಗೆ 1,200 ಅಲೋವೆನ್ಸ್ ಅಂತ ಒಪ್ಪಿದ್ರು. ನಾನು ಎರಡು ಸಾವಿರ ಕೇಳಿದ್ದೆ. ಟಾರ್ಗೆಟ್ ಮಾತ್ರ ಇನ್ನೂ ಏರಿಸಿಲ್ಲ. ಆದ್ರೂ ಆ ಪ್ಲಸ್ ಹೊಡೀತಿದ್ದ ಹುಡುಗ ಇದ್ದಾನಲ್ಲ, ಅವನು ಕೋಲಾರ ಹತ್ರದ ನರಸಾಪುರದ ಕಡೆ ಇಂಟರ್‌ವ್ಯೂ ಕೊಟ್ಟು ಬಂದಿದ್ದಾನೆ. ಬೋರಿಂಗ್ ಆಫ್‌ಸೆಟ್ ಬಗ್ಗೇನೇ ಕೇಳಿದ್ರಂತೆ.

---

ಸಿಡ್ಲಘಟ್ಟ_ರೀಲರ್

ನಾನು ಹೇಳಿರಲಿಲ್ವಾ!

---

ಹೊಲಿಗೆ_ಲೈನ್_3

ಹೋಗ್ಲಿ ಬಿಡಿ, ಅವನಿಗೆ ಒಳ್ಳೇದಾಗ್ಲಿ. ಎರಡು ಸಾವಿರ ಕೊಟ್ಟಿದ್ರೆ ಉಳೀತಿದ್ನೇನೋ.

---

ಬೋರ್‌ಗೇಜ್

@ಗಡಿಯಾರ_ತಾತ ಸಾರ್, ಎರಡು ಲಕ್ಷದಲ್ಲಿ ಇನ್ನೂ ಒಂದು ಲಕ್ಷದ ಮೇಲೆ ಉಳಿದಿದೆ. ಆ ಚಿಲ್ಲರೆ 5 ಪೀಸು ಏನು ಅಂತ ನನಗೆ ಹೊಳೀತಿಲ್ಲ. ನೀವು ಒಂದು ದಿನ ಬಂದು ಹುಡುಗರ ಪಕ್ಕ ನಿಂತು ನೋಡ್ತೀರಾ? ದಿನಕ್ಕೆ ಏನು ಕೊಡಬೇಕು ಹೇಳಿ.

---

ಗಡಿಯಾರ_ತಾತ

ಶನಿವಾರ ಬರ್ತೀನಿ, ಎರಡನೇ ಶಿಫ್ಟ್ ಶುರುವಾಗೋ ಹೊತ್ತಿಗೆ. ಗೇಟಲ್ಲಿ ಹೇಳಿರಿ, ಹೋದ ಸಲ ಇನ್ನೊಂದು ಕಂಪನೀಲಿ ಸೆಕ್ಯೂರಿಟಿ ನನ್ನನ್ನ ಚೀಟಿ ಹಣ ವಸೂಲಿಗೆ ಬಂದೋನು ಅಂದ್ಕೊಂಡ. ದುಡ್ಡಿನ ಮಾತು ಆಮೇಲೆ. ಕೂರೋಕೆ ಒಂದು ಸ್ಟೂಲ್ ಇರಲಿ, ಮಂಡಿ ನೋವು. ಕಾಫಿಗೆ ಸಕ್ಕರೆ ಹಾಕಬೇಡಿ.